ಸ್ವಲ್ಪ ತಿಂದರೆ ಏನಾಗುತ್ತದೆ?

ಊಟ ಬಡಿಸುವವರ ಬಾಯಲ್ಲಿ ನಾವು ಹೆಚ್ಚಾಗಿ ಕೇಳುವ ಮಾತು, 'ಸ್ವಲ್ಪ ತಿನ್ನಿ, ಏನೂ ಆಗುವುದಿಲ್ಲ' ಎಂಬುದು. ಮದುವೆ ಮನೆಯ ಬಿರಿಯಾನಿ ಇರಲಿ, ದೇವಸ್ಥಾನದ ಪಂಕ್ತಿಯ ಪಾಯಸ ಇರಲಿ, ಈ ಮಾತಿನ ಹಿಂದೆ ಇರುವುದು ಪ್ರೀತಿಯೇ. ಆದರೆ ನೆಲಗಡಲೆಯದೋ ಗೋಡಂಬಿಯದೋ ತೀವ್ರ ಅಲರ್ಜಿ ಇರುವ ನಾಲ್ಕು ವರ್ಷದ ಮಗುವಿನ ಮುಂದೆ ಇದೇ ಮಾತು ಅಪಾಯವಾಗಿ ಬದಲಾಗುತ್ತದೆ. ಅಂತಹ ಮಗುವನ್ನು ನೀರಿನ ಪ್ರಯಾಣಕ್ಕೆ, ಅಂದರೆ ಬೇಕೆಂದಾಗ ಇಳಿಯಲಾಗದ, ತಕ್ಷಣ ಆಸ್ಪತ್ರೆಗೆ ಓಡಲಾಗದ ಪ್ರಯಾಣಕ್ಕೆ ಕರೆದೊಯ್ಯುವುದು ಸರಿಯೇ? ಮೇಲ್ನೋಟಕ್ಕೆ ಇದು ವೈದ್ಯರನ್ನು ಕೇಳಬೇಕಾದ ಪ್ರಶ್ನೆ. ಆಳಕ್ಕಿಳಿದರೆ ಇದು ನಮ್ಮೆಲ್ಲರನ್ನೂ ಕೇಳಬೇಕಾದ ಪ್ರಶ್ನೆ.

ನೀರಿನ ಪ್ರಯಾಣ ಎಂದಾಗ ಐಷಾರಾಮಿ ಹಡಗುಗಳಷ್ಟೇ ನೆನಪಾಗಬೇಕಿಲ್ಲ. ಸಾಗರ ತಾಲೂಕಿನ ಸಿಗಂದೂರಿಗೆ ಹೋದವರಿಗೆ ಲಾಂಚಿನ ಪ್ರಯಾಣ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹರಡಿಕೊಂಡಾಗ ತುಮರಿ ಸುತ್ತಲಿನ ಹಳ್ಳಿಗಳು ದ್ವೀಪದಂತಾದವು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಜನ, ಬಸ್ಸು, ಕಾರು ಎಲ್ಲವೂ ಲಾಂಚಿನಲ್ಲೇ ದಾಟಬೇಕಿತ್ತು. ಚೌಡೇಶ್ವರಿಯ ದರ್ಶನಕ್ಕೆ ಹೋಗುವವರಿಗೆ ಅದೊಂದು ವಿಹಾರ. ಅಲ್ಲಿನ ನಿವಾಸಿಗಳಿಗೆ ಮಾತ್ರ ಅದು ರಾತ್ರಿ ಮುಚ್ಚಿಕೊಳ್ಳುವ ಬಾಗಿಲು. ಕತ್ತಲಾದ ಮೇಲೆ ಕಾಯಿಲೆ ಬಿದ್ದವರು ಬೆಳಗನ್ನು ಕಾಯಬೇಕು, ಇಲ್ಲವೇ ದೂರದ ರಸ್ತೆ ಸುತ್ತಿ ಬರಬೇಕು. 2025ರ ಜುಲೈ 14ರಂದು ಎರಡು ಕಿ.ಮೀ.ಗೂ ಉದ್ದದ ಸೇತುವೆ ಉದ್ಘಾಟನೆಯಾಗುವ ತನಕ ಇದೇ ಸ್ಥಿತಿ. ಆಸ್ಪತ್ರೆಯಿಂದ ನಾವು ಎಷ್ಟು ದೂರದಲ್ಲಿದ್ದೇವೆ ಎಂಬುದನ್ನು ಕಿಲೋಮೀಟರಿನಲ್ಲಿ ಅಲ್ಲ, ನಿಮಿಷದಲ್ಲಿ ಲೆಕ್ಕ ಹಾಕಬೇಕು ಎಂಬ ಪಾಠವನ್ನು ಈ ಜನ ಆರು ದಶಕ ಕಲಿತರು. ಅಲರ್ಜಿಯುಳ್ಳ ಮಗುವಿನ ತಾಯಿ ಪ್ರತಿದಿನ ಹಾಕುವ ಲೆಕ್ಕವೂ ಇದುವೇ.

ತೀವ್ರ ಅಲರ್ಜಿಗೆ ವೈದ್ಯಶಾಸ್ತ್ರ ಇಟ್ಟಿರುವ ಹೆಸರು ಅನಾಫಿಲ್ಯಾಕ್ಸಿಸ್. ಈ ಹೆಸರಿನ ಬೇರು ಒಂದು ಸಮುದ್ರಯಾನದಲ್ಲಿದೆ. 1901ರಲ್ಲಿ ಮೊನಾಕೊದ ರಾಜಕುಮಾರ ಒಂದನೇ ಆಲ್ಬರ್ಟ್‌ನ ಹಡಗಿನಲ್ಲಿ ಹೊರಟ ಶಾರ್ಲ್ ರಿಷೆ ಮತ್ತು ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿಗಳು ಕಡಲಜೀವಿಗಳ ವಿಷವನ್ನು ಪರೀಕ್ಷಿಸತೊಡಗಿದರು. ಪ್ಯಾರಿಸಿಗೆ ಮರಳಿ ನಾಯಿಗಳ ಮೇಲೆ ಪ್ರಯೋಗ ಮುಂದುವರಿಸಿದರು. ಮೊದಲ ಸಲ ವಿಷವನ್ನು ತಡೆದುಕೊಂಡಿದ್ದ ನಾಯಿ, ಕೆಲವು ವಾರಗಳ ಬಳಿಕ ಅಲ್ಪ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲೇ ಸತ್ತುಹೋಯಿತು. ದೇಹ ಒಗ್ಗಿಕೊಂಡೀತು ಎಂದು ಅವರು ನಿರೀಕ್ಷಿಸಿದ್ದರು, ಆದದ್ದು ತದ್ವಿರುದ್ಧ. 1902ರಲ್ಲಿ ಅದಕ್ಕೆ ಈ ಹೆಸರಿಟ್ಟರು, 1913ರಲ್ಲಿ ರಿಷೆಗೆ ನೊಬೆಲ್ ಬಂತು. 'ಸ್ವಲ್ಪ ಸ್ವಲ್ಪ ಕೊಟ್ಟು ಅಭ್ಯಾಸ ಮಾಡಿಸಿ' ಎಂದು ಇಂದಿಗೂ ಸಲಹೆ ಕೊಡುವ ಹಿರಿಯರು ನಮ್ಮಲ್ಲಿದ್ದಾರೆ. ಅಳೆದು ತೂಗಿ ಕೊಟ್ಟು ಒಗ್ಗಿಸುವ ಚಿಕಿತ್ಸೆ ಇದೆ, ನಿಜ. ಅದು ತಜ್ಞರ ಕಣ್ಗಾವಲಿನಲ್ಲಿ ನಡೆಯುವಂಥದ್ದು, ಊಟದ ಎಲೆಯ ಮುಂದೆ ಅಲ್ಲ.

ಹಾಗಾದರೆ ಮಗುವನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸಲ್ಲವೇ? ಹಲವರು ಮಾಡುವುದು ಅದನ್ನೇ. ಮೊದಲು ಪ್ರವಾಸ ತಪ್ಪುತ್ತದೆ, ಅನಂತರ ಮದುವೆ, ಹಬ್ಬ, ಗೆಳೆಯರ ಹುಟ್ಟುಹಬ್ಬ. ಮಗು ಸುರಕ್ಷಿತವಾಗಿರುತ್ತದೆ, ಸಂದೇಹವಿಲ್ಲ. ಆದರೆ ತನ್ನ ದೇಹ ಉಳಿದವರ ಸಂತೋಷಕ್ಕೆ ಅಡ್ಡಿ ಎಂಬ ಪಾಠವನ್ನೂ ಅದು ಕಲಿಯುತ್ತದೆ. ಯಾವ ತಪ್ಪೂ ಮಾಡದ ಮಗುವಿಗೆ ನಾವು ವಿಧಿಸುವ ಶಿಕ್ಷೆ ಇದು. ಇನ್ನೊಂದು ಬದಿಯಲ್ಲಿ, 'ಏನಾದರಾಗಲಿ, ಎಲ್ಲರಂತೆ ಬೆಳೆಯಲಿ' ಎಂದು ಸಿದ್ಧತೆಯಿಲ್ಲದೆ ಹೊರಡುವ ತಂದೆಯ ಧೈರ್ಯವೂ ಧೈರ್ಯವಲ್ಲ. ತನ್ನ ಪ್ರಾಣವನ್ನು ಪಣಕ್ಕಿಡುವವನನ್ನು ಧೈರ್ಯಶಾಲಿ ಎನ್ನಬಹುದು. ಒಪ್ಪಿಗೆ ಕೊಡಲಾರದ ಮಗುವಿನ ಪ್ರಾಣವನ್ನು ಪಣಕ್ಕಿಡುವವನನ್ನು ಏನೆನ್ನಬೇಕು?

ಈ ಎರಡರ ನಡುವೆ ಒಂದು ದಾರಿ ಇದೆ. ಆದರೆ ಆ ದಾರಿಯನ್ನು ತಂದೆತಾಯಿ ಇಬ್ಬರೇ ನಿರ್ಮಿಸಲಾರರು. ಏಕೆಂದರೆ ಅಪಾಯ ಇರುವುದು ನೀರಿನಲ್ಲಿ ಅಲ್ಲ, ಎಲೆಯಲ್ಲಿ. ಎಲೆಯ ಮೇಲೆ ಏನಿದೆ ಎಂದು ಬಲ್ಲವರು ಅಡುಗೆ ಮಾಡಿದವರು. ಕುರ್ಮಾದ ಗಟ್ಟಿತನ ಗೋಡಂಬಿಯಿಂದ ಬಂದಿರಬಹುದು. ಚಟ್ನಿಪುಡಿಯಲ್ಲಿ ನೆಲಗಡಲೆ ಅಥವಾ ಎಳ್ಳು ಸೇರಿರಬಹುದು. ಪರೋಟದ ಹಿಟ್ಟಿಗೆ ಮೊಟ್ಟೆ ಬಿದ್ದಿರಬಹುದು. ಅಂಗಡಿಯ ಇಂಗಿನಲ್ಲಿ ಗೋಧಿಯೋ ಮೈದಾವೋ ಬೆರೆತಿರುವುದುಂಟು. ಪಾಯಸಕ್ಕೆ ಅದ್ದಿದ ಸೌಟು ಸಾರಿಗೂ ಇಳಿದಿರಬಹುದು. ತಾಯಿ 'ಇದರಲ್ಲಿ ಏನೇನು ಹಾಕಿದ್ದೀರಿ?' ಎಂದು ಕೇಳಿದಾಗ, ತಮ್ಮ ಕೈರುಚಿಯನ್ನೋ ಶುಚಿತ್ವವನ್ನೋ ಅನುಮಾನಿಸಿದರೆಂದು ಬಡಿಸುವವರು ಮುಖ ಸಣ್ಣದು ಮಾಡುತ್ತಾರೆ. ದೇವರ ಪ್ರಸಾದವಾದರಂತೂ ಕೇಳುವುದೇ ಅಪಚಾರ ಎನಿಸುತ್ತದೆ. ಮುಜುಗರ ತಪ್ಪಿಸಲು ಯಾರೋ, 'ಏನೂ ಇಲ್ಲ, ಕೊಡಿ' ಎಂದುಬಿಡುತ್ತಾರೆ. ಸುಳ್ಳು ಹೇಳುವ ಉದ್ದೇಶ ಅವರಿಗಿರುವುದಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳುವುದು ಇಲ್ಲಿ ಸುಳ್ಳಿನಷ್ಟೇ ಮಾರಕ.

ಆ ಮಾರಕತೆಗೆ ಸಾಕ್ಷಿ ದೂರದ ಬ್ರಿಟನ್ನಿನಲ್ಲಿದೆ. 2016ರ ಜುಲೈಯಲ್ಲಿ ನತಾಶಾ ಎಡ್ನಾನ್-ಲಪೆರೂಸ್ ಎಂಬ ಹದಿನೈದರ ಹುಡುಗಿ ವಿಮಾನ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡಿನ ತಿಂಡಿ ತಿಂದು ತಂದೆಯೊಂದಿಗೆ ವಿಮಾನವೇರಿದಳು. ಹಿಟ್ಟಿನೊಳಗೆ ಎಳ್ಳಿತ್ತು, ಪೊಟ್ಟಣದ ಮೇಲೆ ಅದರ ಸುಳಿವಿರಲಿಲ್ಲ. ಆಕಾಶದಲ್ಲೇ ಅವಳು ಕುಸಿದಳು. ತಂದೆಯ ಬಳಿ ಚುಚ್ಚುಮದ್ದಿತ್ತು, ಎರಡು ಸಲ ಕೊಟ್ಟರೂ ಅವಳು ಉಳಿಯಲಿಲ್ಲ. ತಂದೆತಾಯಿಯ ಹೋರಾಟದಿಂದ, ಅಂಗಡಿಯಲ್ಲೇ ಮೊದಲೇ ಕಟ್ಟಿಟ್ಟು ಮಾರುವ ತಿಂಡಿಯ ಮೇಲೂ ಪದಾರ್ಥಗಳ ಪೂರ್ಣ ಪಟ್ಟಿ ಇರಬೇಕೆಂಬ ನಿಯಮ 2021ರ ಅಕ್ಟೋಬರಿನಲ್ಲಿ ಅಲ್ಲಿ ಜಾರಿಗೆ ಬಂತು. ನಮ್ಮಲ್ಲೂ 2020ರ ಲೇಬಲ್ ನಿಯಮಗಳು ಪೊಟ್ಟಣದ ಆಹಾರದಲ್ಲಿ ಹಾಲು, ಮೊಟ್ಟೆ, ಮೀನು, ನೆಲಗಡಲೆ, ಸೋಯಾ ಮುಂತಾದವು ಇದ್ದರೆ ಸ್ಪಷ್ಟವಾಗಿ ನಮೂದಿಸಬೇಕೆನ್ನುತ್ತವೆ. ಆದರೆ ಬಾಳೆಎಲೆಗೆ ಲೇಬಲ್ ಇಲ್ಲ. ಅಲ್ಲಿ ಬಡಿಸುವವರ ನಾಲಿಗೆಯೇ ಲೇಬಲ್.

ಒಂದು ಮಗುವಿಗಾಗಿ ನಾನೂರು ಜನರ ಅಡುಗೆ ಬದಲಿಸಬೇಕೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ನ್ಯಾಯವಿದೆ. ಅಂತಹ ತ್ಯಾಗವನ್ನು ಯಾರೂ ಕೇಳುತ್ತಿಲ್ಲ. ಪಕ್ಕದ ಸೀಟಿನವರು ಕಡಲೆಕಾಯಿ ಸುಲಿದ ಮಾತ್ರಕ್ಕೆ ಪ್ರಾಣಾಪಾಯ ಆಗುವುದು ಅಪರೂಪ; ನಿಜವಾದ ಅಪಾಯ ಅದು ಹೊಟ್ಟೆಗೆ ಹೋಗುವುದರಲ್ಲಿದೆ. ಹಾಗಾಗಿ ಕೇಳುತ್ತಿರುವುದು ಇಷ್ಟೇ: ಮಗುವಿನ ಕೈಗೆ ತಂದೆತಾಯಿಯನ್ನು ಕೇಳದೆ ಏನನ್ನೂ ಕೊಡಬೇಡಿ, ಕೇಳಿದರೆ ಇದ್ದದ್ದನ್ನು ಹೇಳಿ, ಗೊತ್ತಿಲ್ಲದಿದ್ದರೆ 'ಗೊತ್ತಿಲ್ಲ' ಎನ್ನಿ. ಇದಕ್ಕೆ ಖರ್ಚಾಗುವುದು ಹಣವಲ್ಲ, ಸ್ವಲ್ಪ ಅಹಂಕಾರ.

ಇನ್ನು ತಂದೆತಾಯಿಯ ಪಾಲಿನ ಹೊಣೆ. ಅನಾಫಿಲ್ಯಾಕ್ಸಿಸ್‌ಗೆ ಮೊದಲ ಮದ್ದು ತೊಡೆಯ ಹೊರಭಾಗಕ್ಕೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ತುರಿಕೆಗೆ ನುಂಗುವ ಮಾತ್ರೆ ಅದಕ್ಕೆ ಬದಲಿಯಲ್ಲ. ವಿದೇಶಗಳಲ್ಲಿ ಬಳಕೆಯಲ್ಲಿರುವ ಪೆನ್ನಿನಂತಹ ಸಾಧನ ನಮ್ಮೂರಿನ ಔಷಧ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಆದ್ದರಿಂದ ಎಷ್ಟು ಕೊಡಬೇಕು, ಹೇಗೆ ಕೊಡಬೇಕು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಕಲಿತು, ಔಷಧವನ್ನು ಡಿಕ್ಕಿಯ ಚೀಲದಲ್ಲಲ್ಲ, ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಮದ್ದು ಕೊಟ್ಟ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ನತಾಶಾಳ ಕಥೆ ಅದನ್ನೇ ಹೇಳುತ್ತದೆ. ಮಗುವಿನ ಬುತ್ತಿ ಮನೆಯದಾಗಿರಲಿ. ದೊಡ್ಡ ಹಡಗಿನಲ್ಲಿ ಹೋಗುವವರು ವೈದ್ಯರಿದ್ದಾರೆಯೇ, ಅಡುಗೆಯ ಮುಖ್ಯಸ್ಥರೊಂದಿಗೆ ಮಾತನಾಡಬಹುದೇ ಎಂದು ಟಿಕೆಟ್ ಕೊಳ್ಳುವ ಮೊದಲೇ ವಿಚಾರಿಸಲಿ. ಎಲ್ಲರೂ ಸೌಟಿಗೆ ಕೈ ಹಾಕುವ ಬಫೆ ಊಟದಿಂದ ಮಗುವನ್ನು ದೂರವಿಡಲಿ. ಇಷ್ಟೂ ಸಾಧ್ಯವಾಗದಿದ್ದರೆ ಆ ಪ್ರವಾಸವನ್ನು ಮುಂದೂಡುವುದೇ ಕರ್ತವ್ಯ. ಸಾಧ್ಯವಾದರೆ, ಮಗುವನ್ನು ಬಿಟ್ಟುಹೋಗಲು ಕಾರಣ ಉಳಿಯುವುದಿಲ್ಲ.

ರೋಗಿಗೂ ಪ್ರಯಾಣಿಕನಿಗೂ ರಮಝಾನಿನ ಉಪವಾಸದಿಂದ ವಿನಾಯಿತಿ ಇದೆ ಎಂಬುದನ್ನು ಎಲ್ಲರೂ ಬಲ್ಲರು. ವಿನಾಯಿತಿ ಪಡೆದವನು ಸಮುದಾಯದಿಂದ ಹೊರಗುಳಿದವನಲ್ಲ. ಅವನ ಸ್ಥಿತಿಯನ್ನು ಅರಿತು ಅವನಿಗೆ ಜಾಗ ಮಾಡಿಕೊಡಲಾಗಿದೆ, ಅಷ್ಟೇ. ಬೇರೆ ಬುತ್ತಿ ಬಿಚ್ಚುವ ಮಗುವಿಗೂ ಪಂಕ್ತಿಯಲ್ಲಿ ಅಂತಹದೇ ಜಾಗ ಬೇಕು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಹಿಂತಿರುಗಿಸಿದ ತಾಯಿಯನ್ನೂ, ವಲೀಮಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ ತಂದೆಯನ್ನೂ ಯಾರೂ ಓರೆಗಣ್ಣಿನಿಂದ ನೋಡಬಾರದು.

ಸಿಗಂದೂರಿನ ನೀರಿಗೆ ಸೇತುವೆ ಕಟ್ಟಲು ಅರವತ್ತು ವರ್ಷ ಬೇಕಾಯಿತು. ಬಡಿಸುವವರಿಗೂ ಉಣ್ಣುವ ಮಗುವಿಗೂ ನಡುವಿನ ಸೇತುವೆಗೆ ಅಷ್ಟು ಕಾಲ ಬೇಕಿಲ್ಲ. ಊಟ ಬಡಿಸುವ ಮುನ್ನ 'ಮಗುವಿಗೆ ಏನಾದರೂ ಆಗುವುದಿಲ್ಲವೇ?' ಎಂದು ನಾವೇ ಮೊದಲು ಕೇಳಿದರೆ ಸಾಕು.