ನೆರೆ ಬಂದಾಗ ನೆರೆಯವರು ಯಾರು?



ಸೆಪ್ಟೆಂಬರ್ ತಿಂಗಳ ಮೊದಲ ವಾರದಲ್ಲಿ ನೀವು ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆದಿದ್ದೀರಾದರೆ ಅಲ್ಲಿನ ಸಂಭ್ರಮ ನಿಮಗೆ ಹೊಸದಲ್ಲ. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿ ಮಾತೆಯ ಜನನೋತ್ಸವದ ನವದಿನಗಳ ಪ್ರಾರ್ಥನೆ ನಡೆಯುತ್ತಿರುತ್ತದೆ. ಕಾವಿ ಬಣ್ಣದ ಉಡುಪು ತೊಟ್ಟ ಭಕ್ತರು ಬೀದಿ ಬೀದಿಯಲ್ಲಿ ಕಾಣಸಿಗುತ್ತಾರೆ. ಪೂಜೆ ಮುಗಿಸಿದ ಕುಟುಂಬಗಳು ಅಲ್ಲಿಂದ ಕೂಗಳತೆಯಲ್ಲಿರುವ ಈ ಅಂಗಡಿ ಬೀದಿಗೆ ಬಂದು ಸೀರೆ, ಮಕ್ಕಳ ಉಡುಪು, ಬಳೆಗಳನ್ನು ಕೊಳ್ಳುತ್ತವೆ. 2022ರ ಸೆಪ್ಟೆಂಬರ್ 4ರ ಭಾನುವಾರ ನಾನೂ ಹಾಗೆಯೇ ಹಬ್ಬಕ್ಕೆಂದು ಒಂದು ಸೀರೆ ಕೊಂಡು ಮನೆಗೆ ಮರಳಿದೆ.

ಆ ರಾತ್ರಿ ಸುರಿದ ಮಳೆ ನಿಮಗೆಲ್ಲ ನೆನಪಿರಬಹುದು. ಮರುದಿನ ಬೆಳಗಿನ ವೇಳೆಗೆ ನಗರದಲ್ಲಿ ಸುಮಾರು 130 ಮಿಲಿಮೀಟರ್ ಮಳೆಯಾಗಿತ್ತು. ಬೆಳ್ಳಂದೂರು, ಯಮಲೂರು, ಮಹದೇವಪುರ, ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಜಲಾವೃತವಾದವು. ತೊರೆಕಾಡನಹಳ್ಳಿಯ ಪಂಪುಮನೆಗೂ ನೀರು ನುಗ್ಗಿದ್ದರಿಂದ ಕಾವೇರಿ ನೀರಿನ ಸರಬರಾಜು ಸ್ಥಗಿತಗೊಂಡು, ಸುತ್ತಲೂ ನೀರಿದ್ದ ನಗರದಲ್ಲಿ ಕುಡಿಯುವ ನೀರಿಗೆ ಹಾಹಾಕಾರವಾಯಿತು. ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ದೃಶ್ಯ, ಐಷಾರಾಮಿ ಬಂಗಲೆಗಳ ಮುಂದೆ ಮುಳುಗಿ ನಿಂತ ಕಾರುಗಳ ದೃಶ್ಯ ದೇಶದಾದ್ಯಂತ ಪ್ರಸಾರವಾದವು. ಆ ಬಂಗಲೆಗಳ ಬೆನ್ನಿಗೇ ಇದ್ದ ತಗಡಿನ ಶೆಡ್ಡುಗಳ ಕಡೆಗೆ ಕ್ಯಾಮರಾಗಳು ತಿರುಗಿದ್ದು ಕಡಿಮೆ.

ಆ ಶೆಡ್ಡುಗಳಲ್ಲಿ ವಾಸಿಸುವವರು ಯಾರು? ಯಾದಗಿರಿ, ಕಲಬುರಗಿ, ರಾಯಚೂರು ಜಿಲ್ಲೆಗಳಿಂದ ಗುಳೆ ಬಂದವರು. ಬಿಹಾರ, ಬಂಗಾಳಗಳಿಂದ ಬಂದವರು. ನಾವು ವಾಸಿಸುವ ಗೋಡೆಗಳನ್ನು ಕಟ್ಟಿದವರು, ನಮ್ಮ ಕಸವನ್ನು ಹೆಕ್ಕಿ ಬೇರ್ಪಡಿಸುವವರು, ನಮ್ಮ ಮನೆಯ ಪಾತ್ರೆ ತೊಳೆಯುವವರು.

ಹಬ್ಬ ಮುಗಿದ ಶನಿವಾರ ನಾವು ಕೆಲವು ಮಂದಿ ಸ್ತ್ರೀಯರು ಬಟ್ಟೆಬರೆ ಸಂಗ್ರಹಿಸಿಕೊಂಡು ಬೆಳ್ಳಂದೂರು ಕೆರೆಯ ಕೆಳಬದಿಯ ಅಂಥ ಒಂದು ನೆಲೆಗೆ ಹೋದೆವು. ಹೊಸ ಸೀರೆಗೆ ಬೀರುವಿನಲ್ಲಿ ಜಾಗ ಮಾಡಲು ತೆಗೆದಿಟ್ಟಿದ್ದ ಹಳೆಯ ಸೀರೆಗಳನ್ನು ನಾನು ಚೀಲದಲ್ಲಿ ತುಂಬಿಕೊಂಡಿದ್ದೆ. ನೀರು ಇಳಿದಿತ್ತು, ಕೆಸರು ಉಳಿದಿತ್ತು. ನಮಗಿಂತ ಮೊದಲೇ ಬಂದವರು ಸುರಿದು ಹೋದ ಬಟ್ಟೆಗಳ ರಾಶಿಯೊಂದು ದಾರಿಯ ಬದಿಯಲ್ಲಿ ನೆನೆದು ಬಿದ್ದಿತ್ತು. ಜರಿಯ ರವಿಕೆಗಳು, ಒಂಟಿ ಬೂಟುಗಳು, ಗುಂಡಿ ಕಿತ್ತ ಕೋಟುಗಳು ಅದರಲ್ಲಿದ್ದವು. ಒಂದು ಶೆಡ್ಡಿನ ಮುಂದೆ ತಾಯಿಯೊಬ್ಬಳು ತಂತಿಗೆ ಕ್ಲಿಪ್ ಹಾಕಿ ಏನನ್ನೋ ಒಣಗಿಸುತ್ತಿದ್ದಳು. ಹತ್ತಿರ ಹೋಗಿ ನೋಡಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡಿನ ಪ್ರತಿ, ಬ್ಯಾಂಕಿನ ಪಾಸ್‌ಬುಕ್, ಮಗನ ಅಂಕಪಟ್ಟಿ. ಅಕ್ಷರಗಳು ಹರಡಿಹೋಗಿ ಅರ್ಧದಷ್ಟು ಓದಲಾಗುತ್ತಿರಲಿಲ್ಲ.

ನಾನು ಚೀಲ ಮುಂದೆ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ.

“ಸೀರಿ ಸಾಕಷ್ಟ ಬಂದಾವ್ರಿ ಅಕ್ಕಾರ. ಗಟ್ಟಿ ಮುಚ್ಚಳದ್ದು ಒಂದು ಡಬ್ಬಿ ಇದ್ರ ಕೊಡ್ರಿ. ಮುಂದಿನ ಮಳಿಗೆ ಕಾಗದ ತೋಯಬಾರದಲ್ರಿ” ಎಂದಳು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಬೇಸರವಾಯಿತು. ಕೊಟ್ಟದ್ದನ್ನು ಸ್ವೀಕರಿಸದೆ ತನಗೆ ಬೇಕಾದುದನ್ನು ಕೇಳುವಳಲ್ಲ ಎಂಬ ಅಸಮಾಧಾನ. ಮನೆಗೆ ಬಂದ ಮೇಲೆಯೇ ಆ ಅಸಮಾಧಾನದ ಬೇರು ಎಲ್ಲಿದೆ ಎಂಬುದು ತಿಳಿದದ್ದು. ನನ್ನ ದಾನ ಅವಳ ಅಗತ್ಯದಿಂದ ಹುಟ್ಟಿರಲಿಲ್ಲ. ನನ್ನ ಬೀರುವಿನಿಂದ ಹುಟ್ಟಿತ್ತು. ಜಾಗ ಬೇಕಾಗಿದ್ದುದು ನನಗೆ. ಅದಕ್ಕೆ ಅವಳ ಕೃತಜ್ಞತೆಯನ್ನೂ ನಾನು ನಿರೀಕ್ಷಿಸಿದ್ದೆ.

ಈ ತಾಯಿಯ ಪಾಲಿಗೆ ಅದು ಮೊದಲ ಪ್ರವಾಹವಾಗಿರಲಿಲ್ಲ. ಇಂದಿನ ಯಾದಗಿರಿ ಜಿಲ್ಲೆಗೆ ಸೇರಿದ ಭೀಮಾ ತೀರದ ಹಳ್ಳಿ ಅವಳದು. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲ ದಿನಗಳಲ್ಲಿ ಕೃಷ್ಣಾ, ಭೀಮಾ, ತುಂಗಭದ್ರೆಯರು ಉಕ್ಕಿ ಹರಿದಾಗ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಲಕ್ಷಾಂತರ ಜನರು ನಿರಾಶ್ರಿತರಾದರು. ಸರ್ಕಾರವು ದಾನಿಗಳ ನೆರವಿನೊಂದಿಗೆ ‘ಆಸರೆ’ ಎಂಬ ಹೆಸರಿನಲ್ಲಿ ಮನೆಗಳನ್ನು ಕಟ್ಟಿಸಲು ಮುಂದಾಯಿತು. ಆದರೆ ಮನೆಯೊಂದೇ ಬದುಕಲ್ಲ. ಅವಳ ಮಣ್ಣಿನ ಮನೆಯ ಗೋಡೆಯೊಂದಿಗೆ ಹೊಲದ ಮೇಲ್ಮಣ್ಣೂ, ಎರಡು ಎಮ್ಮೆಗಳೂ ಹೋಗಿದ್ದವು. ಮುಂದೆ ಮಳೆ ಬಾರದ ವರ್ಷಗಳೂ ಬಂದವು. ಸಾಲ ಬೆಳೆಯಿತು, ಕುಟುಂಬ ಗುಳೆ ಹೊರಟಿತು. ಒಂದು ನೆರೆಯಿಂದ ತಪ್ಪಿಸಿಕೊಂಡು ಬಂದವರು ಹದಿಮೂರು ವರ್ಷಗಳ ನಂತರ ರಾಜಧಾನಿಯಲ್ಲಿ ಮತ್ತೊಂದು ನೆರೆಯಲ್ಲಿ ಮುಳುಗಿದರು.

ಇಲ್ಲಿ ನಾವು ಒಂದು ಪ್ರಶ್ನೆಯನ್ನು ಎದುರಿಸಬೇಕಾಗುತ್ತದೆ. ನಮ್ಮ ನಮ್ಮ ಕುಟುಂಬ, ನಮ್ಮ ಧರ್ಮಕೇಂದ್ರದ ಬಡವರು, ನಮ್ಮ ಊರಿನವರು ಇರುವಾಗ ಎಲ್ಲಿಂದಲೋ ಬಂದವರ ಹೊಣೆ ನಮಗೇಕೆ? ಈ ಪ್ರಶ್ನೆಯನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸರಿಯಲ್ಲ. ಕೈಯಲ್ಲಿರುವುದು ಕಡಿಮೆ, ಕೇಳುವವರು ಬಹಳ. ತಾಯಿ ಮೊದಲು ತನ್ನ ಮಗುವಿಗೆ ಉಣಿಸುತ್ತಾಳೆ, ಅದು ಧರ್ಮವೇ. ಸಮೀಪದವರಿಗೆ ಸಲ್ಲಬೇಕಾದ ಋಣ ದೊಡ್ಡದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಸಮೀಪದವರು ಯಾರು? ಅದನ್ನು ಅಳೆಯುವ ಕೋಲು ಯಾವುದು?

ನಮ್ಮ ಕನ್ನಡದಲ್ಲಿ ‘ನೆರೆ’ ಎಂಬ ಮಾತಿಗೆ ಪ್ರವಾಹ ಎಂಬ ಅರ್ಥವೂ ಉಂಟು, ಪಕ್ಕದ ಮನೆ ಎಂಬ ಅರ್ಥವೂ ಉಂಟು. ಈ ನಗರದ ನೀರಿನ ದಾರಿಯನ್ನು ನೋಡಿದರೆ ಆ ಎರಡು ಅರ್ಥಗಳು ಒಂದಾಗುತ್ತವೆ. ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲ. ಹಿರಿಯರು ಕಣಿವೆಗಳಿಗೆ ಏರಿ ಕಟ್ಟಿ ಕೆರೆಗಳನ್ನು ಮಾಡಿ, ಒಂದರ ಕೋಡಿಯ ನೀರು ಮತ್ತೊಂದಕ್ಕೆ ಹರಿಯುವಂತೆ ರಾಜಕಾಲುವೆಗಳನ್ನು ಬಿಟ್ಟಿದ್ದರು. ದಂಡು ಪ್ರದೇಶ ಎತ್ತರದಲ್ಲಿದೆ. ಶಿವಾಜಿನಗರದ ಕಡೆಯ ನೀರು ಹಲಸೂರು ಕೆರೆಯತ್ತ ಇಳಿಯುತ್ತದೆ. ಹಲಸೂರಿನಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಅದರ ಪಯಣ. ಕೆರೆಯಂಗಳಗಳು ಬಡಾವಣೆಗಳಾಗಿ, ಕಾಲುವೆಗಳು ಒತ್ತುವರಿಯಾಗಿ ಕಿರಿದಾದಾಗ ಆ ನೀರಿಗೆ ಉಳಿದ ದಾರಿ ತಗ್ಗಿನಲ್ಲಿರುವವರ ಮನೆಯೇ.

ಎಂದರೆ, ಅಂದು ನಾನು ಸೀರೆ ಕೊಂಡ ಬೀದಿಯ ಮೇಲೆ ಬಿದ್ದ ಮಳೆಯಲ್ಲಿ ಒಂದಷ್ಟು ಪಾಲು ಅವಳ ಶೆಡ್ಡಿನ ಹಾದಿ ಹಿಡಿದಿತ್ತು. ನಾನು ಚರಂಡಿಯ ಪಕ್ಕ ಬಿಟ್ಟ ಪ್ಲಾಸ್ಟಿಕ್ ಚೀಲವೂ ಆ ಹಾದಿಯನ್ನೇ ಹಿಡಿದಿರಬಹುದು. ನೀರಿನ ಲೆಕ್ಕದಲ್ಲಿ ಅವಳು ನನ್ನ ಪಕ್ಕದ ಮನೆಯವಳು. ಎತ್ತರದಲ್ಲಿರುವವನ ಅಂಗಳ ಒಣಗಿರುವುದು ತಗ್ಗಿನಲ್ಲಿರುವವನ ಅಂಗಳ ತುಂಬುವುದರಿಂದ ಎಂದಾದರೆ, ನಾವು ಕೊಡುವುದನ್ನು ಕರುಣೆ ಎನ್ನಬಹುದೇ? ಬಾಕಿಯ ಒಂದು ಕಂತು ಎನ್ನುವುದೇ ನ್ಯಾಯ.

ಅದೇ ಮಧ್ಯಾಹ್ನ ಮತ್ತೊಂದು ಘಟನೆ ನಡೆಯಿತು. ಅಕ್ಕಿ, ಬೇಳೆ ಹಂಚುವ ಸಲುವಾಗಿ ನಾನು ಮನೆಗಳ ಪಟ್ಟಿ ಬರೆಯುತ್ತಿದ್ದೆ. ಸಾಲಿನ ಕೊನೆಯ ಶೆಡ್ಡಿನಲ್ಲಿ ಬಂಗಾಳಿ ಮಾತನಾಡುವ, ಕಸ ಆಯುವ ಕುಟುಂಬವಿತ್ತು. ತಂದದ್ದು ಸಾಲದು, ನಮ್ಮ ರಾಜ್ಯದವರಿಗೆ ಮೊದಲು ಕೊಡೋಣ ಎಂದು ನಮ್ಮಲ್ಲೊಬ್ಬರು ಅಂದರು. ನಾನು ಲೇಖನಿ ಮುಚ್ಚಿದೆ. ಆಗ ಆ ತಾಯಿ ಹೇಳಿದಳು: “ಅವರ ಹೆಸರೂ ಬರ್ಕೊಳ್ರಿ ಅಕ್ಕಾರ. ಅವತ್ತ ರಾತ್ರಿ ನಮ್ಮ ಕೂಸನ್ನ ಹೆಗಲ ಮ್ಯಾಲೆ ಹೊತ್ತು ದಾಟಿಸಿದಾಂವ ಆ ಮನಿಯಾಂವನ.”

ನೆರೆಯವನು ಯಾರೆಂದು ಕೇಳಿದ ಧರ್ಮಶಾಸ್ತ್ರಿಗೆ ಪ್ರಭು ಯೇಸು ಸಮಾರಿಯದವನ ಕಥೆ ಹೇಳಿದ್ದು ನಮಗೆಲ್ಲ ಬಾಲ್ಯದಿಂದ ಗೊತ್ತು. ಅದನ್ನು ಓದುವಾಗಲೆಲ್ಲ ನಾನು ನನ್ನನ್ನು ಎಣ್ಣೆ ಹಚ್ಚಿ ಗಾಯ ಕಟ್ಟುವವನ ಸ್ಥಾನದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದೆ. ಅಂದು ಆ ಸ್ಥಾನದಲ್ಲಿದ್ದವನು ಪಟ್ಟಿಯಿಂದ ಬಿಟ್ಟುಹೋಗಲಿದ್ದ ಪರಭಾಷೆಯವನು. ನಾನು ಕೈಯಲ್ಲಿ ಪಟ್ಟಿ ಹಿಡಿದು ಪಕ್ಕಕ್ಕೆ ಸರಿದು ಹೋಗುವವಳಾಗಿದ್ದೆ. ಅವನ ಹೆಸರನ್ನೂ ಬರೆದುಕೊಂಡೆ. ಪ್ರತಿ ಮನೆಯ ಪಾಲು ಸ್ವಲ್ಪ ಕಡಿಮೆಯಾಯಿತು; ಯಾರೂ ದೂರಲಿಲ್ಲ.

ಮಾರನೆಯ ವಾರ ಡಬ್ಬಿಗಳನ್ನು ಕೊಳ್ಳಲು ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯ ಒಂದು ಪಾತ್ರೆ ಅಂಗಡಿಗೆ ಹೋದೆ. ಒಂದೇ ಅಳತೆಯ ಹದಿನೆಂಟು ಡಬ್ಬಿಗಳು ಏತಕ್ಕೆಂದು ವೃದ್ಧ ಅಂಗಡಿಯವರು ಕೇಳಿದರು. ಹೇಳಿದೆ. ದೇಶ ವಿಭಜನೆಯಾದಾಗ ತಮ್ಮ ತಂದೆ ಸಿಂಧ್‌ನಿಂದ ಒಂದು ಟ್ರಂಕಿನಷ್ಟು ಕಾಗದಗಳನ್ನು ಹೊತ್ತು ಬಂದರೆಂದೂ, ಆ ಟ್ರಂಕು ಇನ್ನೂ ಮನೆಯಲ್ಲಿದೆಯೆಂದೂ ತಿಳಿಸಿದರು. ಲಾಭ ಬಿಟ್ಟು ಅಸಲಿಗೇ ಕೊಟ್ಟರು. ಮುಚ್ಚಳ ಸಡಿಲವಿದ್ದ ಎರಡನ್ನು ತಾವೇ ಆರಿಸಿ ಬದಲಾಯಿಸಿದರು. 1809ರಲ್ಲಿ ದಂಡು ನೆಲೆಗೊಂಡ ಮೇಲೆ ಈ ಬೀದಿಗಳಿಗೆ ತಮಿಳು ನಾಡಿನಿಂದ, ಕಚ್ಛಿನಿಂದ, ಮಾರವಾಡದಿಂದ, ಸಿಂಧ್‌ನಿಂದ ಬಂದವರೆಷ್ಟೋ! ನಾವು ಹಬ್ಬ ಆಚರಿಸುವ ದೇವಾಲಯದ ಮೂಲವೂ ಅಂಥದ್ದೇ. ಜಿಂಜಿಯ ಕಡೆಯಿಂದ ವಲಸೆ ಬಂದು ಇಲ್ಲಿ ಬಿಳಿ ಅಕ್ಕಿ ಬೆಳೆದ ಕ್ರೈಸ್ತ ರೈತರು ಹುಲ್ಲಿನ ಚಾವಣಿಯ ಗುಡಿ ಕಟ್ಟಿ ಕಾಣಿಕೆ ಮಾತೆಯನ್ನು ಆರಾಧಿಸಿದರೆಂದು ಹಿರಿಯರು ಹೇಳುತ್ತಾರೆ. ಮೊದಲು ಬಂದವರು ತಡವಾಗಿ ಬಂದವರನ್ನು ಪರಕೀಯರೆನ್ನುವುದು ಎಂಥ ಮರೆವು!

ಡಬ್ಬಿಯಿಂದ ಎಲ್ಲವೂ ಸರಿಯಾಯಿತೆಂದು ನಾನು ಹೇಳುವುದಿಲ್ಲ. ಕಳೆದ ಕೂಲಿಯನ್ನು ಅದು ತರಲಿಲ್ಲ. ಪರಿಹಾರ ಕೇಳಲು ಮನೆಯ ದಾಖಲೆ ಬೇಕು, ಶೆಡ್ಡಿಗೆ ದಾಖಲೆಯಿಲ್ಲ. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಕೇಂದ್ರ ರೂಪಿಸಿದ ಕಾಯಿದೆ ಕೂಡ ಹೊರರಾಜ್ಯಕ್ಕೆ ಹೋಗುವವರನ್ನು ಕುರಿತದ್ದಾಗಿತ್ತು. ಯಾದಗಿರಿಯಿಂದ ಬೆಂಗಳೂರಿಗೆ ಬಂದವಳು ರಾಜ್ಯದ ಗಡಿ ದಾಟದ ಕಾರಣ ಅದರ ಲೆಕ್ಕಕ್ಕೂ ಬರುತ್ತಿರಲಿಲ್ಲ. ಊರಿನಲ್ಲಿ ಆಕೆ ಗುಳೆ ಹೋದವಳು, ಇಲ್ಲಿ ಎಲ್ಲಿಂದಲೋ ಬಂದವಳು. ಎರಡೂ ಕಡೆಯ ಪಟ್ಟಿಯಿಂದ ಹೊರಗೆ.

ಆದರೂ ಆ ನೆಲೆ ಚೇತರಿಸಿಕೊಂಡಿತು. ಅವರು ಪರಸ್ಪರ ಕೈಜೋಡಿಸಿ ನೆಲಕ್ಕೆ ಕಲ್ಲುಮಣ್ಣು ಹಾಕಿ ಒಂದು ಮೊಳ ಎತ್ತರಿಸಿದರು. ಕೆಲಸ ಸಿಕ್ಕವರು ಸಿಗದವರ ಮನೆಗೂ ಅಡುಗೆ ಮಾಡಿದರು. ಮಗನ ಅಂಕಪಟ್ಟಿಯ ಪ್ರತಿಯನ್ನು ಊರಿನ ಶಾಲೆಯಿಂದ ತರಿಸಿಕೊಳ್ಳಲಾಯಿತು. ಆ ವರ್ಷದ ಕ್ರಿಸ್ಮಸ್ ಹಿಂದಿನ ದಿನ ಆ ತಾಯಿ ನಮ್ಮ ಮನೆಯ ವಿಳಾಸ ಕೇಳಿಕೊಂಡು ಬಂದಳು. ಬಟ್ಟೆಯಲ್ಲಿ ಕಟ್ಟಿದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಂದಿದ್ದಳು. ಇಷ್ಟೆಲ್ಲ ಏಕೆ ತಂದೆ ಎಂದು ಬೇಡವೆನ್ನಲು ಬಾಯಿ ತೆರೆದವಳು ಸುಮ್ಮನಾದೆ. ಅಂದು ಅವಳು ನನ್ನ ಚೀಲ ನಿರಾಕರಿಸಿದ್ದಕ್ಕೆ ಕಾರಣವಿತ್ತು. ಇಂದು ಅವಳ ಗಂಟನ್ನು ನಿರಾಕರಿಸಲು ನನಗೆ ಯಾವ ಕಾರಣವೂ ಇರಲಿಲ್ಲ. ಎರಡು ಕೈಗಳಿಂದ ತೆಗೆದುಕೊಂಡೆ.

ಚೇತರಿಕೆ ಎಂದರೆ ಏನೆಂದು ನನಗೆ ಅಂದು ಸ್ವಲ್ಪ ಅರ್ಥವಾಯಿತು. ಕಳೆದುಹೋದ ವಸ್ತುಗಳು ಮರಳಿದರೆ ಮನೆ ತುಂಬುತ್ತದೆ. ಮತ್ತೊಬ್ಬರಿಗೆ ಕೊಡುವ ಶಕ್ತಿ ಮರಳಿದಾಗ ಮನುಷ್ಯ ಎದ್ದು ನಿಲ್ಲುತ್ತಾನೆ. ಸದಾ ಸ್ವೀಕರಿಸುವವನಾಗಿಯೇ ಒಬ್ಬನನ್ನು ಉಳಿಸುವ ದಾನದಲ್ಲಿ, ಎಷ್ಟೇ ಉದಾರವಾಗಿದ್ದರೂ, ಏನೋ ಕೊರತೆಯಿದೆ.

ಆತ್ಮೀಯರೇ, ಮಳೆ ಮತ್ತೆ ಮತ್ತೆ ಬರುತ್ತಲೇ ಇದೆ. 2024ರ ಅಕ್ಟೋಬರ್ ಮಳೆಯ ನಡುವೆ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು, ದುಡಿಯಲು ಬಂದಿದ್ದ ಕಾರ್ಮಿಕರು ಅದರಡಿಯಲ್ಲಿ ಪ್ರಾಣ ಬಿಟ್ಟರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಇನ್ನೊಮ್ಮೆ ಮುಳುಗಿತು. ಮುಂದಿನ ಸಲ ನಿಮ್ಮ ಧರ್ಮಕೇಂದ್ರದಲ್ಲಿ ಪರಿಹಾರ ಸಾಮಗ್ರಿ ಸಂಗ್ರಹಿಸುವಾಗ ಬೀರು ತೆರೆಯುವ ಮೊದಲು ಒಬ್ಬರು ಹೋಗಿ, ಏನು ಬೇಕೆಂದು ಕೇಳಿ ಬರಲಿ. ವಿಳಾಸವಿಲ್ಲದವರ ಹೆಸರೂ ನಿಮ್ಮ ಪಟ್ಟಿಯಲ್ಲಿರಲಿ. ನಿಮ್ಮ ಮನೆಯ ಮುಂದಿನ ಚರಂಡಿಯ ನೀರು ಯಾರ ಮನೆಯತ್ತ ಹರಿಯುತ್ತದೆಂದು ಒಮ್ಮೆ ವಿಚಾರಿಸಿ ನೋಡಿ.

ಅಂದು ಕೊಂಡ ಸೀರೆ ಇನ್ನೂ ನನ್ನ ಬಳಿಯಿದೆ. ಪ್ರತಿ ವರ್ಷ ಮಾತೆಯ ಹಬ್ಬಕ್ಕೆ ಉಡುತ್ತೇನೆ. ಮಳೆ ಹನಿಯತೊಡಗಿದರೆ ಮೊದಲು ನೆನಪಾಗುವುದು ತಂತಿಯ ಮೇಲೆ ಒಣಗುತ್ತಿದ್ದ ಆ ಕಾಗದಗಳು.