ಅಕ್ಕನ ಮನೆಯ ದೀಪ

 

*ಇಂದಿನ ಚಿಂತನೆ: ಪವಾಡವನ್ನು ಬಿಟ್ಟ ನಾವು ಏನನ್ನು ಬಿಡಬಾರದು?*

ನನ್ನದೇ ತಪ್ಪೊಂದನ್ನು ಹೇಳಿಕೊಂಡು ಶುರು ಮಾಡುತ್ತೇನೆ.

ಯಳಂದೂರಿನಲ್ಲಿರುವ ನನ್ನ ಅಕ್ಕ ದಿನಾ ಸಂಜೆ ಗೋಡೆಯ ಗೂಡಿನಲ್ಲಿ ದೀಪ ಹಚ್ಚುತ್ತಾಳೆ. ಅವ್ವ ತೀರಿಕೊಂಡ ಮೇಲೆ ಶುರುವಾದದ್ದು. ಹೋದ ಸಲ ಕೊಳ್ಳೇಗಾಲದಿಂದ ಹೋಗಿದ್ದಾಗ ಟೀಚರ್ ಗತ್ತಿನಲ್ಲೇ ಕೇಳಿಬಿಟ್ಟೆ: “22 ಪ್ರತಿಜ್ಞೆ ಮಾಡಿದ ಮನೇಲಿ ಇದ್ಯಾವ ದೇವರಿಗಕ್ಕ ದೀಪ?”

ಅಕ್ಕ ಬತ್ತಿ ಸರಿ ಮಾಡುತ್ತಲೇ ಹೇಳಿದಳು: “ಯಾರ್ನೂ ಬೇಡ್ಕಳ್ತಿಲ್ಲ ಕನವ್ವ. ಈ ವತ್ಗೆ ಅವ್ವ ಕೂಲಿಯಿಂದ ಬಂದು ದೀಪ ಅಚ್ಚೋಳು. ಆ ಬೆಳಕ್ನಲ್ಲೇ ನೀನು ಓದುದ್ದು.”

ಆಮೇಲೆ ಎರಡು ತಿಂಗಳು ಅವಳು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ.

ಈ ನಡುವೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಮತ್ತೆ ಓದಿದೆ. ಅದೊಂದು ಕಾದಂಬರಿ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ನಂಜನಗೂಡು ಸೀಮೆಯ ಅದರ ಮಾತು ನಮ್ಮ ಮಾತಿಗೂ ಹತ್ತಿರ. ಅದರಲ್ಲಿ ಮನೆಮನೆಯ ದೀಪಗಳು ಜೋತಮ್ಮಗಳಾಗಿ ರಾತ್ರಿ ಒಂದೆಡೆ ಸೇರುತ್ತವೆ. ತವರಿನಲ್ಲಿ ಕೂಡಿದ ಅಕ್ಕತಂಗಿಯರ ಹಾಗೆ ತಂತಮ್ಮ ಮನೆಯ ಸುಖದುಃಖ ಹೇಳಿಕೊಳ್ಳುತ್ತವೆ. ಎಂ.ಎ. ಓದುವಾಗ ಇದನ್ನು ತಕರಾರಿಲ್ಲದೆ ಒಪ್ಪಿದ್ದೆ. ಅಕ್ಕನ ಮನೆಯ ಒಂದು ದೀಪ ಮಾತ್ರ ಯಾಕೆ ಕಣ್ಣು ಚುಚ್ಚಿತು?

ಗಮನಿಸಿ: ಆ ಜೋತಮ್ಮಗಳು ಯಾರಿಗೂ ವರ ಕೊಡುವುದಿಲ್ಲ. ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ದಲಿತ ಯುವಕನ ಕೊಲೆಯನ್ನು ಯಾವ ಮಾಯೆಯೂ ತಡೆಯುವುದಿಲ್ಲ. ಮನೆಯೊಳಗೆ ಆದದ್ದನ್ನು ಕಂಡು, ಮರೆಯದೆ ಹೇಳುವುದಷ್ಟೇ ದೀಪಗಳ ಕೆಲಸ.

ದೀಘನಿಕಾಯದ ಕೇವಟ್ಟ ಸುತ್ತದಲ್ಲಿ ನಾಳಂದದ ಗೃಹಸ್ಥನೊಬ್ಬ ಬುದ್ಧರಲ್ಲಿ, ಭಿಕ್ಷುಗಳಿಂದ ಪವಾಡ ಮಾಡಿಸಿ, ಜನರ ನಂಬಿಕೆ ಹೆಚ್ಚುತ್ತದೆ ಎಂದು ಕೇಳುತ್ತಾನೆ. ಬುದ್ಧರು ಒಪ್ಪುವುದಿಲ್ಲ. ಗಾಳಿಯಲ್ಲಿ ಹಾರುವುದಕ್ಕಿಂತ, ಮನುಷ್ಯನನ್ನು ಬದಲಿಸುವ ಬೋಧನೆಯೇ ದೊಡ್ಡ ಪವಾಡ ಎನ್ನುತ್ತಾರೆ.

ಅಂಥ ಪವಾಡ ಮನೆಗಳಲ್ಲೂ ನಡೆಯುತ್ತದೆ. ಸಿದ್ಧಾರ್ಥ ಹುಟ್ಟಿದ ಏಳನೇ ದಿನಕ್ಕೆ ಮಹಾಮಾಯೆ ತೀರಿಕೊಂಡಾಗ ಆ ಕೂಸಿಗೆ ಹಾಲೂಡಿಸಿ ಬೆಳೆಸಿದ್ದು ಆಕೆಯ ತಂಗಿ ಮಹಾಪ್ರಜಾಪತಿ ಗೌತಮಿ. ತಾಯಿ ಭೀಮಾಬಾಯಿಯನ್ನು ಕಳೆದುಕೊಂಡ ಬಾಲಕ ಭೀಮನನ್ನು ಸಾಕಿದ್ದು ಸೋದರತ್ತೆ ಮೀರಾಬಾಯಿ. ಹನೂರಿನ ಹತ್ತಿರದ ನಮ್ಮೂರಲ್ಲಿ ಅಕ್ಕ ಆರನೇ ಕ್ಲಾಸಿಗೇ ಶಾಲೆ ಬಿಟ್ಟು ಅವ್ವನ ಜೊತೆ ಕೂಲಿಗೆ ಹೋದಳು. ನಾನು ಎಂ.ಎ. ಆದೆ. ಇದಕ್ಕೆ ನಾನು ಯಾವ ದೇವರಿಗೂ ಋಣಿಯಲ್ಲ, ನಿಜ. ಆದರೆ ಅಕ್ಕನಿಗೆ?

ಪ್ರತಿಜ್ಞೆಗಳಲ್ಲಿ ರಾಜಿಯಿಲ್ಲ. ಬೇಡುವ ದೀಪ, ಹೆದರಿ ಹಚ್ಚುವ ದೀಪ ನಮಗೆ ಬೇಡ. ನೆನೆಯುವ ದೀಪದ ಮಾತು ಬೇರೆ. ಬಾಬಾಸಾಹೇಬರ ಫೋಟೋ ಮುಂದೆ ನಾವು ಮೇಣದಬತ್ತಿ ಹಚ್ಚುವುದು ಬೇಡಲಿಕ್ಕಲ್ಲವಲ್ಲ. ಯಾವ ದೀಪ ಯಾವುದೆಂದು ದೂರದಿಂದ ನೋಡಿದರೆ ತಿಳಿಯುವುದಿಲ್ಲ. ಹಚ್ಚಿದವರನ್ನು ಕೇಳಬೇಕು, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಬೇಕು. ನಾನು ಕೇಳಿದೆ, ಕೇಳಿಸಿಕೊಳ್ಳಲಿಲ್ಲ.

ಮೊನ್ನೆ ಭಾನುವಾರ ಯಳಂದೂರಿಗೆ ಹೋದೆ. ಸಂಜೆ ಅಕ್ಕ ಗೂಡಿನ ಹತ್ತಿರ ಹೋದಾಗ ಎಣ್ಣೆ ಬಟ್ಟಲು ನಾನೇ ಹಿಡಿದೆ. ಅವಳು ಕೇಳಿದ್ದು ಇಷ್ಟೇ: “ಉಂಡ್ಕಂಡು ಓಗ್ತೀಯಾ?”

*ಇಂದಿನ ಅಭ್ಯಾಸ:* ನಿಮ್ಮ ಓದಿಗಾಗಿ ತನ್ನ ಓದು ಬಿಟ್ಟವರು ಮನೆಯಲ್ಲಿದ್ದರೆ, ಇವತ್ತು ಅವರಿಗೊಂದು ಫೋನು ಮಾಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.