ಗಂಟೆ ಬಾರಿಸಿದವರು ಯಾರು?

ಮೂರು ವರ್ಷದ ಮಗು ‘ನಾನು ಬೀಳಿದೆ’ ಅನ್ನುತ್ತದೆ. ಮನೆಯವರೆಲ್ಲ ನಗುತ್ತಾರೆ. ‘ಬೀಳಿದೆ’ ಎಂದು ಆ ಮನೆಯಲ್ಲಿ ಯಾರೂ ಅಂದವರಲ್ಲ. ಆಡಿದೆ, ಓಡಿದೆ, ಹಾಡಿದೆ ಎಂಬುದನ್ನೆಲ್ಲ ಕೇಳಿ ಕೇಳಿ ಮಗು ಒಳಗೊಳಗೇ ಒಂದು ಸೂತ್ರ ಕಟ್ಟಿಕೊಂಡು, ಅದನ್ನು ‘ಬೀಳು’ವಿಗೂ ಹಚ್ಚಿ ನೋಡಿದೆ. ದೊಡ್ಡ ವೈಯಾಕರಣರು ಮಾಡಿದ್ದೂ ಇದೇ ಕೆಲಸ. ಅವರನ್ನು ನೋಡಿ ನಾವು ನಗಲಿಲ್ಲ, ಅಷ್ಟೇ.

*

ವ್ಯಾಕರಣ ಬಾರದ ಮಗು ಶಾಲೆಗೆ ಬರುವುದೇ ಇಲ್ಲ. ವ್ಯಾಕರಣದ ಹೆಸರುಗಳು ಬಾರದ ಮಗು ಬರುತ್ತದೆ.

*

ಮನೆಗೆ, ಊರಿಗೆ, ಮರಕ್ಕೆ. ‘ಮರಗೆ’ ಎಂದು ಒಂದನೇ ಕ್ಲಾಸಿನ ಹುಡುಗನೂ ಅನ್ನುವುದಿಲ್ಲ. ಯಾಕೋ ಎಂದು ಕೇಳಿದರೆ ಪಿಳಿಪಿಳಿ ನೋಡುತ್ತಾನೆ. ಕೇಳಿದ ಮೇಷ್ಟರಿಗೂ ಥಟ್ಟನೆ ಹೇಳಲು ಬಾರದು. ನಿನಗಿದು ಆಗಲೇ ಗೊತ್ತಿದೆ ಕಣೋ ಎಂದು ತೋರಿಸಿಕೊಡುವುದೇ ವ್ಯಾಕರಣದ ಮೊದಲ ಪಾಠ.

*

ಬಸ್ ಇಂಗ್ಲಿಷಿನಿಂದ ಬಂತು. ಬಸ್ಸಿಗೆ, ಬಸ್ಸಿನಲ್ಲಿ, ಬಸ್ಸಿನಿಂದ ಎನ್ನುವಾಗ ಅದು ಕನ್ನಡದ್ದೇ. ಪರವೂರಿನಿಂದ ಬಂದ ನೆಂಟನಿಗೆ ಮನೆಯ ಪಂಚೆ ಉಡಿಸಿ ಪಂಕ್ತಿಯಲ್ಲಿ ಕೂರಿಸುವ ಯಜಮಾನಿಕೆಗೆ ವಿಭಕ್ತಿ ಎಂದು ಹೆಸರು.

*

ಉ, ಅನ್ನು, ಇಂದ, ಗೆ-ಕೆ, ದೆಸೆಯಿಂದ, ಅ, ಅಲ್ಲಿ. ಏಳು ವಿಭಕ್ತಿಗಳನ್ನು ನಾವು ಮಗ್ಗಿಯಂತೆ ಒಪ್ಪಿಸಿದವರು. ಐದನೆಯದಕ್ಕೆ ಉದಾಹರಣೆ ಹೇಳುವಾಗ ಎಲೆ ‘ಮರದ ದೆಸೆಯಿಂದ’ ಉದುರುತ್ತಿತ್ತು. ಶಾಲೆಯ ಹಿಂದಿದ್ದ ಹೊಂಗೆ ಮರದ ಎಲೆ ಮಾತ್ರ ಕಡೆಯವರೆಗೂ ಮರದಿಂದಲೇ ಉದುರಿತು.

ಸಂಸ್ಕೃತದಲ್ಲಿ ಏಳು ಗೂಡಿದ್ದವು; ಕನ್ನಡದಲ್ಲೂ ಒಂದು ಖಾಲಿ ಉಳಿಯಬಾರದೆಂದು ‘ದೆಸೆಯಿಂದ’ವನ್ನು ತಂದು ಕೂರಿಸಿದ್ದಾಯಿತು. ಭಾಷಾಶಾಸ್ತ್ರಜ್ಞ ಡಿ.ಎನ್. ಶಂಕರ ಭಟ್ಟರ ಒಂದು ಪುಸ್ತಕದ ಹೆಸರೇ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಅವರ ಉಳಿದ ವಾದಗಳನ್ನು ಒಪ್ಪದವರೂ ಆ ಹೊಂಗೆ ಮರದ ಕೆಳಗೆ ಒಂದು ಗಳಿಗೆ ನಿಲ್ಲಬೇಕಾಗುತ್ತದೆ.

*

‘ಮಳೆಗಾಲ’ ಆದೇಶ ಸಂಧಿ ಎಂದು ಬರೆದ ಹುಡುಗನಿಗೆ ಒಂದು ಅಂಕ. ಮಳೆಗಾಲದ ಬಗ್ಗೆ ನಾಲ್ಕು ಸಾಲು ಬರಿ ಎಂದರೆ ಅವನು ಗೈಡು ಹುಡುಕುತ್ತಾನೆ.

*

ಎಸಳು ಕಿತ್ತು ಎಣಿಸಿದವರೆಲ್ಲ ಮಾಲೆ ಕಟ್ಟಲಾರರು.

*

‘ಸ್ವಂತ ವಾಕ್ಯದಲ್ಲಿ ಬಳಸಿ: ಪರೋಪಕಾರ.’ ಹುಡುಗ ಬರೆದ: ‘ಮೇಷ್ಟ್ರು ಬೋರ್ಡಿನ ಮೇಲೆ ಪರೋಪಕಾರ ಎಂದು ಬರೆದರು.’ ಮುಂದಿನ ಪದ ಹೆಮ್ಮೆ. ‘ಮೇಷ್ಟ್ರು ಬೋರ್ಡಿನ ಮೇಲೆ ಹೆಮ್ಮೆ ಎಂದು ಬರೆದರು.’ ಸೊನ್ನೆ ಹಾಕುವ ಮುಂಚೆ ಯೋಚಿಸಿ: ಯಾವ ಪದವನ್ನು ಕೊಟ್ಟರೂ ಒಗ್ಗುವ ವಾಕ್ಯವೊಂದನ್ನು ಅವನು ತಾನೇ ಕಂಡುಹಿಡಿದಿದ್ದಾನೆ. ಅವನಲ್ಲಿ ವ್ಯಾಕರಣಕ್ಕೆ ಕೊರತೆಯಿಲ್ಲ. ಹೇಳಬೇಕು ಅನ್ನಿಸುವ ಸಂಗತಿಯನ್ನು ನಾವು ಕೊಟ್ಟಿಲ್ಲ.

*

ಆರನೇ ಕ್ಲಾಸಿನ ಹುಡುಗಿಯೊಬ್ಬಳು ಬರೆದಿದ್ದಳು: ‘ಗಂಟೆ ಬಾರಿಸಿ ನಾವೆಲ್ಲ ಊಟಕ್ಕೆ ಓಡಿದೆವು.’ ಎತ್ತಿದ ಕೆಂಪು ಪೆನ್ನನ್ನು ಕೆಳಗಿಟ್ಟು ಕೇಳಿದೆ: ‘ಗಂಟೆ ಬಾರಿಸಿದ್ದು ಯಾರಮ್ಮ?’

‘ಆಯಮ್ಮ, ಸಾರ್.’

‘ಇಲ್ಲಿ ನೋಡಿದರೆ ನೀವೆಲ್ಲ ಸೇರಿಕೊಂಡು ಬಾರಿಸಿದ ಹಾಗಿದೆಯಲ್ಲ?’

ಅವಳು ಸಾಲನ್ನು ಗಟ್ಟಿಯಾಗಿ ಓದಿದಳು. ನಕ್ಕಳು. ‘ಬಾರಿಸಿ’ಯನ್ನು ಹೊಡೆದುಹಾಕಿ ‘ಆಯಮ್ಮ ಗಂಟೆ ಬಾರಿಸಿದ ಕೂಡಲೇ’ ಎಂದು ಬರೆದಳು. ‘ಕೂಡಲೇ’ ನಾನು ಹೇಳಿಕೊಟ್ಟದ್ದಲ್ಲ, ಹಸಿವು ಹೇಳಿಕೊಟ್ಟದ್ದು. ಬಾರಿಸಿದವರೇ ಓಡಿದ್ದರೆ ‘ಬಾರಿಸಿ ಓಡಿದರು’ ಸರಿ, ಬೇರೆಯವರು ಓಡಿದ್ದರೆ ಬೇರೆ ರೂಪ ಬೇಕು ಎಂಬುದು ಅವಳ ಕೈಗೆ ಸಿಕ್ಕಿತ್ತು. ‘ಬಾರಿಸಿ’ಯಂಥದ್ದಕ್ಕೆ ಕೃದಂತಾವ್ಯಯ ಎನ್ನುತ್ತಾರೆ ಎಂದು ಆಮೇಲೆ ಹೇಳಿದೆ.

ಮೊದಲು ಮಗು ಹುಟ್ಟಲಿ, ನಾಮಕರಣ ಆಮೇಲೆ.

*

‘ಮಳೆ ಬಂತು. ಆಟ ನಡೆಯಿತು.’ ಈ ಎರಡನ್ನೂ ಒಂದು ಮಾಡಿ ಎಂದು ಕ್ಲಾಸಿಗೆ ಹೇಳಿ ನೋಡಿ. ಮಳೆ ಬಂದರೂ ಆಟ ನಡೆಯಿತು: ಹಟಮಾರಿಗಳ ಆಟ. ಮಳೆ ಬರುವವರೆಗೆ ನಡೆಯಿತು: ಅಮ್ಮಂದಿರಿರುವ ಮಕ್ಕಳ ಆಟ. ಮಳೆ ನಿಂತ ಮೇಲೆ ನಡೆಯಿತು: ಮೈದಾನ ಇನ್ನೂ ಒದ್ದೆ. ‘ಮಳೆ ಬಂದದ್ದರಿಂದಲೇ ಆಟ ನಡೆಯಿತು’ ಎಂದು ಹಿಂದಿನ ಬೆಂಚಿನವನೊಬ್ಬ ಬರೆಯುತ್ತಾನೆ. ಅವನ ಆಟ ಕಾಗದದ ದೋಣಿಯದು.

*

ಬಂದು, ಬಂದಾಗ, ಬಂದರೆ, ಬಂದರೂ, ಬರಲು, ಬಾರದೆ. ಧಾತು ಒಂದು, ಬಾಗಿಲು ಆರು. ಮಕ್ಕಳು ‘ಆದ್ದರಿಂದ’, ‘ಮತ್ತು’ ಎಂಬ ಎರಡೇ ಬಾಗಿಲಲ್ಲಿ ನೂಕಾಡುವುದು ಯಾಕೆಂದರೆ ಉಳಿದವನ್ನು ನಾವು ತೆರೆದು ತೋರಿಸಿಲ್ಲ.

*

ಅಮೆರಿಕದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ, 4ರಿಂದ 12ನೇ ತರಗತಿಯವರೆಗಿನ ಬರವಣಿಗೆ ಪಾಠದ ಬಗ್ಗೆ ನಡೆದ ಅಧ್ಯಯನಗಳನ್ನು ಕಲೆಹಾಕಿ ತೂಗಿದರು. ಬರವಣಿಗೆಯಿಂದ ಬೇರೆಮಾಡಿ ಕಲಿಸಿದ ವ್ಯಾಕರಣದಿಂದ ಬರಹ ಸುಧಾರಿಸಿದ್ದು ಕಾಣಲಿಲ್ಲ. ಚಿಕ್ಕ ವಾಕ್ಯಗಳನ್ನು ಜೋಡಿಸಿ ದೊಡ್ಡದು ಮಾಡುವ ಅಭ್ಯಾಸದಿಂದ ಸುಧಾರಿಸಿತು. ಅದು ಇಂಗ್ಲಿಷಿನ ಲೆಕ್ಕ. ಜೋಡಿಸುವ ದಾರ ಕ್ರಿಯಾಪದದೊಳಗೇ ಇರುವ ನಮ್ಮ ಭಾಷೆಯಲ್ಲಿ ಆ ಅಭ್ಯಾಸ ಇನ್ನೂ ಸಲೀಸು.

*

‘ನಾನು ಎದ್ದೆನು. ನಾನು ಹಲ್ಲು ಉಜ್ಜಿದೆನು. ನಾನು ತಿಂಡಿ ತಿಂದೆನು.’ ಎದ್ದೆ, ಉಜ್ಜಿದೆ, ತಿಂದೆ ಎಂದರೆ ಸಾಕು, ‘ನಾನು’ ಕ್ರಿಯಾಪದದ ಬಾಲದಲ್ಲೇ ಕೂತಿರುತ್ತದೆ. ಮೊದಲನೆಯದನ್ನು ಉಳಿಸಿ ಮಿಕ್ಕ ‘ನಾನು’ಗಳನ್ನು ತೆಗೆದು ಓದಿ ಎಂದೆ. ವಾಕ್ಯ ಹಗುರಾಯಿತು. ‘ನಾನು’ ಹೋದರೆ ಏನಾಗುತ್ತದೆ ಎಂಬ ಕನಕದಾಸರ ಕಥೆಯನ್ನು ಅವತ್ತೇ ಹೇಳಿದೆ. ವ್ಯಾಕರಣದ ಪೀರಿಯಡ್ಡಿನಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಸಿಕ್ಕುತ್ತಿರಲಿಲ್ಲ.

*

ನಾನೇ ನಿನ್ನೆ ಹಾಲು ತಂದೆ. ನಾನು ನಿನ್ನೆಯೇ ಹಾಲು ತಂದೆ. ನಾನು ನಿನ್ನೆ ಹಾಲನ್ನೇ ತಂದೆ. ‘ಏ’ ಎಂಬ ಒಂದು ಸ್ವರ ಜಾಗ ಬದಲಿಸಿದ್ದಕ್ಕೆ ಮೂರು ಬೇರೆ ಬೇರೆ ಜಗಳಗಳು. ಯಾವ ಆಪಾದನೆಗೆ ಯಾವ ಉತ್ತರ ಎಂದು ಮಕ್ಕಳನ್ನು ಕೇಳಿ. ಅಣ್ಣತಮ್ಮಂದಿರಿರುವ ಮನೆಯ ಮಗು ಮೊದಲು ಕೈ ಎತ್ತುತ್ತದೆ.

*

‘ಲೋಟ ಬಿದ್ದು ಒಡೆದುಹೋಯ್ತು.’ ಬೀಳಿಸಿದ ಮಗು ‘ಬೀಳಿಸಿದೆ’ ಅನ್ನುವುದಿಲ್ಲ. ಸಕರ್ಮಕ, ಅಕರ್ಮಕ ಎಂಬ ಮಾತು ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲೇ ಅದಕ್ಕೆ ಎರಡರ ವ್ಯತ್ಯಾಸ ಗೊತ್ತು, ಲಾಭವೂ ಗೊತ್ತು.

*

ದೊಡ್ಡವರ ‘ಒಡೆದುಹೋಯ್ತು’ ಕಚೇರಿಯ ಪತ್ರಗಳಲ್ಲಿದೆ: ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಕೈಗೊಳ್ಳುವ ಕೈ ಯಾರದೆಂದು ಮಾತ್ರ ಬರೆದಿರುವುದಿಲ್ಲ. ಕರ್ಮಣಿ ಪ್ರಯೋಗವನ್ನು ‘ರಾಮನಿಂದ ಹಣ್ಣು ತಿನ್ನಲ್ಪಟ್ಟಿತು’ ಎಂದು ಕಲಿಸುವ ಬದಲು ಇಂಥ ಒಂದು ಪತ್ರ ಕೊಟ್ಟು, ಇದರಲ್ಲಿ ಕರ್ತೃ ಎಲ್ಲಿ ಅಡಗಿದ್ದಾನೆ ಹುಡುಕಿ ಎನ್ನಬೇಕು. ವ್ಯಾಕರಣದ ಜೊತೆ ಪೌರನೀತಿಯೂ ಆದೀತು.

*

13ನೇ ಶತಮಾನದ ಕೇಶಿರಾಜ ಹುಟ್ಟಿದ್ದು ಕಾವ್ಯದ ಮನೆಯಲ್ಲಿ. ತಂದೆ ಮಲ್ಲಿಕಾರ್ಜುನ ‘ಸೂಕ್ತಿಸುಧಾರ್ಣವ’ಕ್ಕೆ ಪದ್ಯಗಳನ್ನು ಆಯ್ದು ಜೋಡಿಸಿದವನು, ಸೋದರಮಾವ ಜನ್ನ. ‘ಶಬ್ದಮಣಿದರ್ಪಣ’ ಎಂಬ ತನ್ನ ವ್ಯಾಕರಣದ ಸೂತ್ರಗಳಿಗೆ ಕೇಶಿರಾಜ ಉದಾಹರಣೆ ತಂದದ್ದು ಹಿಂದಿನ ಕವಿಗಳಿಂದ. ಅವನು ಮೊದಲು ಓದಿದ, ಆಮೇಲೆ ಸೂತ್ರ ಬರೆದ. ನಮ್ಮ ತರಗತಿಗಳಲ್ಲಿ ಸೂತ್ರ ಮೊದಲು. ಓದು ಬೇಸಿಗೆ ರಜಕ್ಕೆ.

*

ಪುಸ್ತಕಕ್ಕೆ ಕೇಶಿರಾಜ ಇಟ್ಟ ಹೆಸರಿನಲ್ಲಿ ಕನ್ನಡಿಯಿದೆ. ನಾವು ಅದರಿಂದ ಬೆತ್ತ ಮಾಡಿಕೊಂಡೆವು.

*

ಭಟ್ಟಾಕಳಂಕ 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಪಂಡಿತರಿಗೆ ಹೇಳುವಾಗ ಪಂಡಿತರ ಭಾಷೆ ಬೇಕಿತ್ತು. ಹನ್ನೊಂದು ವರ್ಷದವರಿಗೆ ಹೇಳುವಾಗ?

*

‘ಅಸು ಅಲ್ಲ, ಹಸು!’ ಎಂದು ಬೈಸಿಕೊಂಡ ಹುಡುಗ ಮರುದಿನ ‘ಹಾನೆ’ ಎಂದು ಬರೆದುಕೊಂಡು ಬಂದ. ಬೈಗುಳದಿಂದ ಅವನು ಕಲಿತದ್ದು ಇಷ್ಟು: ಸಂಶಯ ಬಂದಲ್ಲೆಲ್ಲ ಒಂದು ಹಕಾರ ಹಾಕಿದರೆ ಕ್ಷೇಮ.

*

ಲ-ಳ ವ್ಯತ್ಯಾಸ ಸಣ್ಣದೆನ್ನುವವರಿಗೆ ಸ್ವಚ್ಛತೆಯ ಪ್ರಬಂಧದ ಈ ಸಾಲು: ‘ನಮ್ಮ ಬೀದಿಯಲ್ಲಿ ದಿನವೂ ಕೊಲೆ ಇರುತ್ತದೆ. ಪಂಚಾಯಿತಿಯವರು ಬಂದು ತೆಗೆಯುವುದಿಲ್ಲ.’ ಕ್ಲಾಸಿನಲ್ಲಿ ಅದನ್ನು ಓದಿಸಿದೆ. ಬರೆದವನೂ ನಕ್ಕ. ನಕ್ಕು ತಿದ್ದಿಕೊಂಡ ತಪ್ಪು ಮರಳಿ ಬರುವುದು ಕಡಿಮೆ.

*

ಧಾರವಾಡದ ಕಡೆ ‘ಹೋಗಾಕತ್ತೀನಿ’, ಮೈಸೂರಿನ ಕಡೆ ‘ಹೋಗ್ತಾ ಇದ್ದೀನಿ’, ಪುಸ್ತಕದಲ್ಲಿ ‘ಹೋಗುತ್ತಿದ್ದೇನೆ’. ಪುಸ್ತಕದ ಕನ್ನಡ ಯಾರ ಅಡುಗೆಮನೆಯ ಮಾತೂ ಅಲ್ಲ, ಎಲ್ಲರೂ ಬಂದು ಕೂರುವ ಪಡಸಾಲೆ. ಪಡಸಾಲೆಗೆ ಕರೆಯುವಾಗ ನಿಮ್ಮ ಅಡುಗೆಮನೆ ಗಲೀಜು ಎನ್ನುವ ಮೇಷ್ಟರ ಮುಂದೆ ಮಗು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಮಗು ಬರೆಯುವುದೂ ಇಲ್ಲ.

*

‘ಅಪ್ಪ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಅಡುಗೆ ಮಾಡುತ್ತಾಳೆ.’ ವ್ಯಾಕರಣದ ಪ್ರಕಾರ ಎರಡೂ ಸರಿ. ಒಬ್ಬರಿಗೆ ‘ಆರೆ’, ಒಬ್ಬಳಿಗೆ ‘ಆಳೆ’ ಯಾಕೆ ಎಂದು ಹುಡುಗಿಯೊಬ್ಬಳು ಕೇಳಿದಳು. ಒಬ್ಬ ಅದು ಪ್ರೀತಿಯ ಏಕವಚನ ಎಂದ. ಇನ್ನೊಬ್ಬಳು, ಹಾಗಾದರೆ ಅಪ್ಪನ ಮೇಲೆ ಪ್ರೀತಿ ಇಲ್ಲವಾ ಎಂದಳು. ಆಖ್ಯಾತ ಪ್ರತ್ಯಯಗಳ ಪಾಠಕ್ಕೆ ಅವತ್ತು ಗಂಟೆ ಬಾರಿಸಿದ್ದೇ ಕೇಳಿಸಲಿಲ್ಲ.

*

ಒಂದು ಪುಟದಲ್ಲಿ ಇಪ್ಪತ್ತು ಕೆಂಪು ಗೆರೆ ಎಳೆದರೆ ಮಗುವಿಗೆ ಕಾಣುವುದು ಕೆಂಪು ಮಾತ್ರ. ಈ ವಾರ ಒಂದೇ ತಪ್ಪನ್ನು ಹಿಡಿಯಿರಿ, ಹತ್ತೊಂಬತ್ತಕ್ಕೆ ರಜೆ ಕೊಡಿ. ಬಿಟ್ಟ ತಪ್ಪು ಎಲ್ಲಿಗೂ ಓಡಿಹೋಗುವುದಿಲ್ಲ. ಬರೆಯುವ ಆಸೆ ಓಡಿಹೋಗುತ್ತದೆ.

*

ಕಣ್ಣಿಗೆ ತಪ್ಪಿಸಿಕೊಂಡ ತಪ್ಪು ಕಿವಿಗೆ ಸಿಕ್ಕಿಬೀಳುತ್ತದೆ. ಬರೆದದ್ದನ್ನು ಗಟ್ಟಿಯಾಗಿ ಓದಿಸುವುದು ಖರ್ಚಿಲ್ಲದ ವ್ಯಾಕರಣ ಪಾಠ.

*

ತಾಳೆಗರಿಯಲ್ಲಿ ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ಎಲ್ಲಿ ನಿಲ್ಲಬೇಕೆಂಬುದು ಓದುವವನ ಉಸಿರಿಗೆ ಗೊತ್ತಿತ್ತು. ಅಲ್ಪವಿರಾಮ ಎಲ್ಲಿ ಹಾಕಲಿ ಎನ್ನುವ ಮಗುವಿಗೆ ಮೊದಲು ಹೇಳಬೇಕಾದ್ದೂ ಅದೇ: ಓದು, ಉಸಿರು ಎಲ್ಲಿ ನಿಂತಿತು ನೋಡು.

*

‘ನಮ್ಮ ಮನೆಯಲ್ಲಿ ಒಂದು ದಿನ’ ಎಂದು ಪ್ರಬಂಧ ಕೊಟ್ಟಿದ್ದೆ. ಹುಡುಗನೊಬ್ಬನ ಹಾಳೆಯಲ್ಲಿ ಒಂದು ಕಡೆ ಕಾಟು ಹೊಡೆದಿತ್ತು. ಬೆಳಕಿಗೆ ಹಿಡಿದು ನೋಡಿದೆ. ಮೊದಲು ಬರೆದದ್ದು: ‘ಅಜ್ಜಿಯ ಕನ್ನಡಕ ಒಡೆದುಹೋಯಿತು.’ ಅದರ ಮೇಲೆ, ಸಣ್ಣ ಅಕ್ಷರದಲ್ಲಿ: ‘ಅಜ್ಜಿಯ ಕನ್ನಡಕ ಒಡೆದೆ.’

ಆ ಹಾಳೆಯ ಮೇಲೆ ನಾನು ಕೆಂಪು ಪೆನ್ನು ಮುಟ್ಟಿಸಲಿಲ್ಲ.